ಆಳಿಗೆ ತಕ್ಕ ಸೈಕಲ್ಲು

ಕಳೆದ ಕಾರ್ತಿಕದಲ್ಲಿ ನನ್ನ ಮೊಮ್ಮಗ ಜೋಗಿಮಟ್ಟಿಯ ಇಳಿಜಾರಿನಲ್ಲಿ ಬಿದ್ದು ಮುಂಗೈ ಮುರಿದುಕೊಂಡ. ಸೈಕಲ್ಲು ಕೊಂಡು ಹದಿನೆಂಟು ದಿನವಾಗಿತ್ತು. ದಪ್ಪ ಟೈರು, ಇಪ್ಪತ್ತೊಂದು ಗೇರು, ಎರಡು ಚಕ್ರಕ್ಕೂ ಡಿಸ್ಕ್ ಬ್ರೇಕು, ಮುಂದೆ ಸ್ಪ್ರಿಂಗಿನ ಫೋರ್ಕು. ಬೀದಿಯಲ್ಲಿ ಹೋದರೆ ಜನ ತಿರುಗಿ ನೋಡುವಂಥ ವಾಹನ. ಮನೆಯವರೆಲ್ಲ ಹುಡುಗನ ವೇಗವನ್ನು ಬೈದರು. ನಾನೂ ಬೈದೆ. ಎರಡು ದಿನ ಬಿಟ್ಟು ಆ ಸೈಕಲ್ಲನ್ನು ನಮ್ಮ ಹಳೆಯ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದೆ. ಸಾಹೇಬರು ಅದನ್ನು ಮುಟ್ಟುವ ಮೊದಲೇ, "ಏನು ಮೇಷ್ಟ್ರೇ, ಇದರ ಫೋರ್ಕು ಹಿಂದುಮುಂದಾಗಿದೆಯಲ್ಲ!" ಎಂದರು.

ಹೌದು. ಎಡಗಾಲಿನ ಹಿಂಬದಿಯಲ್ಲಿ ಇರಬೇಕಾದ ಬ್ರೇಕಿನ ಹಿಡಿತವು ಬಲಕ್ಕೆ, ಮುಂಬದಿಗೆ ಬಂದು ಕುಳಿತಿತ್ತು. ಹಾಗೆ ಕೂಡಿಸಿದರೆ ಬ್ರೇಕು ಹಿಡಿದಾಗಲೆಲ್ಲ ಅದರ ಬೋಲ್ಟುಗಳ ಮೇಲೆ ಜಗ್ಗು ಬೀಳುತ್ತದೆ. ಹ್ಯಾಂಡಲಿನ ಹದವೂ ಕೆಡುತ್ತದೆ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಸೈಕಲ್ಲನ್ನು ಜೋಡಿಸಿದವರು ಯಾರೋ ಅವಸರದಲ್ಲಿ ಹಾಗೆ ಮಾಡಿದ್ದರು. ಟೈರಿನಲ್ಲಿ ಕಲ್ಲಿನಂತೆ ಗಾಳಿ ತುಂಬಿತ್ತು, ಸೀಟು ಹುಡುಗನಿಗೆ ನಾಲ್ಕು ಬೆರಳು ಎತ್ತರವಾಗಿತ್ತು. ಬಿದ್ದದ್ದಕ್ಕೆ ಇವೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಹಣ ಎಣಿಸಿಕೊಟ್ಟವನು ನಾನು, "ಹೊಸ ಮಾಲು, ಇನ್ನೇನು ನೋಡುವುದು?" ಎಂದು ಅಂಗಡಿಯಲ್ಲಿ ಅಂದವನೂ ನಾನೇ. ಐವತ್ತು ವರ್ಷ ಸೈಕಲ್ಲು ತುಳಿದವನು ಆಡುವ ಮಾತೇ ಅದು?

ಆ ಮಾತು ಬಂದದ್ದಕ್ಕೂ ಒಂದು ಚರಿತ್ರೆಯಿದೆ. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಗಾಡಿಯನ್ನು ಕಂಡುಹಿಡಿದ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯ, ಚೈನಿನಿಂದ ಹಿಂದಿನ ಚಕ್ರ ತಿರುಗುವ 'ರೋವರ್' ಸೈಕಲ್ಲನ್ನು ತಂದ. ಮೂರು ವರ್ಷದಲ್ಲಿ ಡನ್‌ಲಪ್ಪನ ಗಾಳಿಯ ಟೈರು ಬಂತು. ಅಲ್ಲಿಗೆ ನಮ್ಮ ತಾತಂದಿರ ಸೈಕಲ್ಲು ಸಿದ್ಧವಾದ ಹಾಗೆಯೇ. 28 ಅಂಗುಲದ ಚಕ್ರ, ಕಂಬಿಯ ಬ್ರೇಕು, ಚೈನಿಗೆ ಹೊದಿಕೆ, ಹಿಂದೆ ಕ್ಯಾರಿಯರು. ಮೊದಲು ಹಡಗಿನಲ್ಲಿ ರಾಲೆ, ಹಂಬರ್, ಹರ್ಕ್ಯುಲಿಸ್ ಬಂದವು. ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿಯೇ ಕಾರ್ಖಾನೆಗಳಾದವು: 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನೆಪತ್ತಿನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. (ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಮುಚ್ಚಿತು. ವಿಧಿಗೆ ಪಂಚಾಂಗ ನೋಡುವ ಅಭ್ಯಾಸವಿಲ್ಲ.)

ಈ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲಿನ, ಹಿಂದೆ 18 ಹಲ್ಲಿನ ಚಕ್ರ. ಪೆಡಲು ಒಂದು ಸುತ್ತು ಬಂದರೆ ಗಾಡಿ ಸುಮಾರು ಹದಿನೆಂಟು ಅಡಿ ಮುಂದಕ್ಕೆ. ಸಮನೆಲದಲ್ಲಿ ಅದು ಸುಖ. ದುರ್ಗದ ಏರಿನಲ್ಲಿ? ಇಳಿದು ತಳ್ಳುವುದು. ನಾನು ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದಾಗ ಸೈಕಲ್ಲನ್ನು ತುಳಿದದ್ದೆಷ್ಟೋ, ಏರುಗಳಲ್ಲಿ ತಳ್ಳಿದ್ದೂ ಅಷ್ಟೇ. ಅದು ಯಾರಿಗೂ ಅವಮಾನವೆನಿಸುತ್ತಿರಲಿಲ್ಲ; ಸೈಕಲ್ಲೆಂದರೆ ಹಾಗೆಯೇ ಎಂದು ತಿಳಿದಿದ್ದೆವು.

ಅಳತೆಯ ಸಂಗತಿಯೂ ಅಷ್ಟೆ. ಬಾಡಿಗೆ ಸೈಕಲ್ಲು ಗಂಟೆಗೆ ಎರಡಾಣೆ. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಬಾಯಲ್ಲಿ ಆಣೆಯೇ. ಅಂಗಡಿಯ ಸೈಕಲ್ಲುಗಳೆಲ್ಲ ಆರಡಿ ಆಳಿಗೆ ಮಾಡಿದಂತಿದ್ದವು. ಹತ್ತು ವರ್ಷದ ನಾವು ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಸೊಂಟ ಬಳುಕಿಸಿ, ಒಳಪೆಡಲು ಹೊಡೆದೇ ಕಲಿತೆವು. ಯಂತ್ರಕ್ಕೆ ಮನುಷ್ಯ ಹೊಂದಿಕೊಳ್ಳಬೇಕು ಎಂಬುದು ನಮ್ಮ ಮೊಣಕಾಲಿನ ಗಾಯಗಳಲ್ಲೇ ಬರೆದುಹೋಯಿತು. ಆದರೂ ಈಗಿನ ಸಾಹೇಬರ ತಂದೆ ಅಂಗಡಿ ನೋಡುತ್ತಿದ್ದ ಕಾಲದಲ್ಲಿ, ಹೊಸ ಸೈಕಲ್ಲು ಬಂದರೆ ಅದರ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನಾದ ಕೇಳದೆ, ಚಕ್ರ ತಿರುಗಿಸಿ ಬೆಂಡು ತೆಗೆಯದೆ, ಸೀಟನ್ನು ಕೊಂಡವನ ಕಾಲಿಗೆ ಇಳಿಸದೆ ಹೊರಗೆ ಬಿಡುತ್ತಿರಲಿಲ್ಲ. ಆ ಅರ್ಧ ದಿನದ ಕೆಲಸಕ್ಕೆ ಬಿಲ್ಲಿನಲ್ಲಿ ಕಾಸಿಲ್ಲ. ಹೊಸ ಮಾಲಿನ ಮೇಲೆ ನಮಗಿದ್ದ ನಂಬಿಕೆ ನಿಜವಾಗಿ ಆ ಮನುಷ್ಯನ ಮೇಲಿನ ನಂಬಿಕೆ ಎಂಬುದು ನನಗೆ ಈ ಕಾರ್ತಿಕದವರೆಗೆ ಹೊಳೆದಿರಲಿಲ್ಲ.

ಯಂತ್ರವನ್ನು ಬೆಟ್ಟಕ್ಕೆ ಹೊಂದಿಸುವ ಯೋಚನೆ ಬೇರೆ ಕಡೆ ಬೆಳೆಯಿತು. ಫ್ರಾನ್ಸಿನ ಪಾಲ್ ದ ವಿವಿ ಎಂಬ ಪತ್ರಿಕಾ ಸಂಪಾದಕ ಇಪ್ಪತ್ತನೆಯ ಶತಮಾನದ ಮೊದಲಲ್ಲೇ ಗೇರುಗಳಿಗಾಗಿ ವಾದ ಹೂಡಿದ. ಪಂದ್ಯದವರು ಅದನ್ನು ಮುದುಕರ ಸಾಮಾನೆಂದು ನಕ್ಕರು. ಚೈನನ್ನು ಹಲ್ಲಿನಿಂದ ಹಲ್ಲಿಗೆ ದಾಟಿಸುವ ಗೇರಿಗೆ ಟೂರ್ ದ ಫ್ರಾನ್ಸಿನಲ್ಲಿ ಎಲ್ಲರಿಗೂ ಅನುಮತಿ ಸಿಕ್ಕಿದ್ದು 1937ರಲ್ಲಿ. ಇನ್ನು ಬೆಟ್ಟದ ಸೈಕಲ್ಲು ಹುಟ್ಟಿದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಟಮಾಲ್‌ಪಾಯಿಸ್ ಬೆಟ್ಟದ ಸೀಮೆಯ ತರುಣರು 1930–40ರ ದಶಕಗಳ ಗುಜರಿ ಸೈಕಲ್ಲುಗಳನ್ನು ಆಯ್ದು ತಂದು ಕಾಡುದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಪಂದ್ಯವನ್ನೇ ಹೂಡಿದರು. ಹಿಂದಿನ ಹಬ್ಬಿನ ಒಳಗಿನ ಬ್ರೇಕು ಕಾದು ಅದರ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಇಳಿದಾಗಲೆಲ್ಲ ಹೊಸದಾಗಿ ಗ್ರೀಸು ತುಂಬಬೇಕು. ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂದದ್ದೇ ಹಾಗೆ. 1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಸೈಕಲ್ಲು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಅಂಗಡಿ ತೆರೆದರು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೇ ಹೋಯಿತು. ಬ್ರೇಕಿನ ಹೆಸರಿನಿಂದ ಆರಂಭವಾದ ಚರಿತ್ರೆ ಇದು ಎಂಬುದನ್ನು ಮಾರುವವರು ನೆನಪಿಡಬಹುದಿತ್ತು.

ನಮ್ಮಲ್ಲಿ 1990ರ ದಶಕದಲ್ಲಿ ನೇರ ಹ್ಯಾಂಡಲಿನ, ಗುಬುಟು ಟೈರಿನ ಸೈಕಲ್ಲು ಹುಡುಗರ ಬಾಯಲ್ಲಿ 'ರೇಂಜರ್' ಆಯಿತು. ವೇಷ ಬೆಟ್ಟದ್ದು, ಗೇರು ಒಂದೇ. ಆಮೇಲೆ 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ತಂದಿತು. ಆಗ ನಾನು ಹೊಸದುರ್ಗದ ಕಡೆಯ ಶಾಲೆಯಲ್ಲಿದ್ದೆ. ಅದಕ್ಕೆ ಗೇರಿಲ್ಲ, ಸ್ಪ್ರಿಂಗಿಲ್ಲ. ಆದರೆ ನಾನು ಕಂಡ ಸೈಕಲ್ಲುಗಳಲ್ಲಿ ಅತಿ ದೂರ ಹೋದದ್ದು ಅದೇ. ನಾನೂ ಡ್ರಿಲ್ ಮೇಷ್ಟ್ರೂ ಸ್ಪ್ಯಾನರು ಹಿಡಿದು ಒಂದು ಮಧ್ಯಾಹ್ನವಿಡೀ ಹೆಣ್ಣುಮಕ್ಕಳ ಸೀಟುಗಳನ್ನು ಅವರವರ ಎತ್ತರಕ್ಕೆ ಇಳಿಸಿದೆವು. ಸೀಟು ಇಳಿದ ಕೂಡಲೇ, ಹತ್ತಲು ಹೆದರಿ ತಳ್ಳಿಕೊಂಡು ಬರುತ್ತಿದ್ದ ಹುಡುಗಿಯೊಬ್ಬಳು ಮೈದಾನಕ್ಕೆ ಮೂರು ಸುತ್ತು ಹಾಕಿಬಿಟ್ಟಳು.

ಈಗ ಕೊಳ್ಳುವವರಿಗೆ ನನ್ನ ಮಾತು. ಮೊದಲು ಚೌಕಟ್ಟಿನ ಅಳತೆ. ಅಡ್ಡಕಂಬಿಯ ಎರಡೂ ಬದಿಗೆ ಕಾಲು ಊರಿ ನಿಂತಾಗ ಕಂಬಿಗೂ ತೊಡೆಸಂದಿಗೂ ನಡುವೆ ಎರಡು ಮೂರು ಅಂಗುಲ ಬಿಡುವಿರಬೇಕು. 'ಬೆಳೆಯುವ ಹುಡುಗ' ಎಂದು ದೊಡ್ಡ ಅಂಗಿ ಹೊಲಿಸಿದ ಹಾಗೆ ದೊಡ್ಡ ಸೈಕಲ್ಲು ಕೊಡಿಸಬಾರದು. ಸ್ಪ್ರಿಂಗಿನ ಫೋರ್ಕು ಅಗ್ಗದ ಸೈಕಲ್ಲಿನಲ್ಲಿ ಭಾರವೇ ಹೊರತು ಬೇರೇನಲ್ಲ. ಹಣ ಮಿತವಾಗಿದ್ದರೆ ಗಟ್ಟಿ ಫೋರ್ಕು, ಒಳ್ಳೆಯ ಬ್ರೇಕು, ಒಳ್ಳೆಯ ಟೈರು ಸಾಕು. ಗೇರುಗಳ ಸಂಖ್ಯೆಗೆ ಮರುಳಾಗಬೇಡಿ. ಅತಿ ಹಗುರ ಗೇರು ಯಾವುದೆಂದು ಕೇಳಿ. ಮುಂದೆ 22, ಹಿಂದೆ 34 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಡಿ ನಾಲ್ಕೂವರೆ ಅಡಿಯಷ್ಟೇ ಸಾಗುತ್ತದೆ. ಏರು ಆಗ ಏರಾಗಿ ಕಾಡುವುದಿಲ್ಲ. ನಮ್ಮ ಬೆಟ್ಟಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ: ಎದುರುಗಾಳಿಯ ದಿನ ಸಮದಾರಿಯೂ ಏರೇ.

ನೆಲ ನೋಡಿ ಟೈರು. ಹೊಸದುರ್ಗ, ಹೊಳಲ್ಕೆರೆಗಳ ಕೆಂಪು ಗರುಸಿಗೆ ಎರಡಂಗುಲ ಅಗಲದ, ಸಣ್ಣ ಗುಬುಟಿನ ಟೈರು ಚೆನ್ನ. ಹಿರಿಯೂರಿನ ಎರೆನೆಲದಲ್ಲಿ ಮಳೆ ಬಿದ್ದ ಮೇಲೆ ಯಾವ ಟೈರೂ ನಡೆಯದು; ಮಣ್ಣು ಫೋರ್ಕಿಗೂ ಚಕ್ರಕ್ಕೂ ನಡುವೆ ಮೆತ್ತಿ ಗಾಡಿಯನ್ನೇ ಹೊರುವ ಹಾಗಾಗುತ್ತದೆ. ಎಲ್ಲ ಕಡೆಯೂ ನೆಗ್ಗಿಲ ಮುಳ್ಳು, ಜಾಲಿಮುಳ್ಳು. ಪಂಕ್ಚರ್ ಸಾಮಾನು, ಕೈಪಂಪು ಇಲ್ಲದೆ ಹೊರಡಬಾರದು. ಗಾಳಿಯನ್ನು ಆಳಿನ ತೂಕ ನೋಡಿ ಹಾಕಬೇಕು. ಕಲ್ಲುದಾರಿಯಲ್ಲಿ ಸಾಮಾನ್ಯ ಮೈಕಟ್ಟಿನವರಿಗೆ 30ರಿಂದ 40 ಪೌಂಡು ಸಾಕು. ಇನ್ನೂ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ.

ಸಾಹೇಬರು ಮೊಮ್ಮಗನನ್ನು ಗೋಡೆಗೆ ಒರಗಿಸಿ ಕೂರಿಸಿ, ಪೆಡಲು ತೀರ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟು ಕಾಲು ನೆಟ್ಟಗಾಗುವಷ್ಟಕ್ಕೆ ಸೀಟು ನಿಲ್ಲಿಸಿದರು. ಆಗ ಮುಂಗಾಲಿನಲ್ಲಿ ತುಳಿದರೆ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಕಡಿದಾದ ಇಳಿಜಾರಿಗೆ ಅದನ್ನು ಇನ್ನೂ ತಗ್ಗಿಸಿಕೊಳ್ಳಬೇಕೆಂದರು. ಬ್ರೇಕಿನ ಹಿಡಿಯನ್ನು ಮುಂಗೈ ನೆಟ್ಟಗಿರುವಂತೆ ಕೆಳಕ್ಕೆ ತಿರುಗಿಸಿ, ಎರಡು ಬೆರಳಿಗೆ ಎಟಕುವಂತೆ ಒಳಕ್ಕೆ ತಂದರು. ಮುರಿದ ಕೈ ಇನ್ನೂ ಪಟ್ಟಿಯಲ್ಲಿತ್ತಾದ್ದರಿಂದ ಆ ಅಳತೆಯನ್ನು ಇನ್ನೊಂದು ಕೈಯಲ್ಲೇ ನೋಡಬೇಕಾಯಿತು. ಫೋರ್ಕನ್ನು ಸರಿಯಾಗಿ ತಿರುಗಿಸಿದ್ದಕ್ಕೆ ಮಾತ್ರ ಕೂಲಿ ತೆಗೆದುಕೊಂಡರು.

ಪಟ್ಟಿ ಬಿಚ್ಚಿದ ಮೇಲೆ ಅವನು ಜೋಗಿಮಟ್ಟಿಗೆ ಹೋಗುತ್ತೇನೆಂದಾಗ ನಾನು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕೊನೆಗೆ ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವುದೆಂದಾಯಿತು. 1907ರಲ್ಲಿ ಮುಗಿದು, 1933ರಲ್ಲಿ ಒಮ್ಮೆ ಕೋಡಿ ಬಿದ್ದು, ಮತ್ತೆ 2022ರವರೆಗೆ ಕಾಯಿಸಿದ ಕಟ್ಟೆಯದು. ನಾನು ಬಸ್ಸಿನಲ್ಲಿ ಮೊದಲೇ ಹೋಗಿ ಕಾದು ಕುಳಿತೆ. ಅವನು ಬಂದವನೇ ಸೈಕಲ್ಲು ನಿಲ್ಲಿಸಿ, "ತಾತ, ಮುಂದಿನ ಬ್ರೇಕು ಸ್ವಲ್ಪ ಉಜ್ಜುತ್ತಿದೆ, ನೋಡು" ಎಂದ. ನಾನು ಕನ್ನಡಕ ಹಾಕಿಕೊಂಡು ಚಕ್ರ ಎತ್ತಿ ತಿರುಗಿಸಿದೆ.