ಮತ್ತೆ ನೋಡುವವರು ಉಳಿಸಿದ ಚರಿತ್ರೆ

ಮೆಚ್ಚಿದ ಸಿನಿಮಾವನ್ನು ಮನೆಯ ಕಪಾಟಿನಿಂದ ತೆಗೆದು, ಬೇಕೆನಿಸಿದಾಗ ಮತ್ತೆ ನೋಡುವುದು ನಮಗೆ ತೀರ ಸಹಜವಾಗಿ ಕಾಣುತ್ತದೆ. ಆದರೆ ಈ ಅಭ್ಯಾಸದ ವಯಸ್ಸು ಸುಮಾರು ಐವತ್ತು ವರ್ಷ ಮಾತ್ರ. ಅದಕ್ಕೂ ಮೊದಲು ಚಿತ್ರಮಂದಿರ ಬಿಟ್ಟ ಚಿತ್ರ ಪ್ರೇಕ್ಷಕರ ನೆನಪಿನಲ್ಲಷ್ಟೇ ಉಳಿಯುತ್ತಿತ್ತು; ಮರುಬಿಡುಗಡೆಯಾದರೆ ಅದೃಷ್ಟ. ಎಷ್ಟೋ ಚಿತ್ರಗಳಿಗೆ ಆ ಅದೃಷ್ಟವೂ ಇರಲಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಸಿಗುವುದಿಲ್ಲ. ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದರು, ಸುಬ್ಬಯ್ಯ ನಾಯ್ಡು ನಟಿಸಿದರು ಎಂದು ಓದುತ್ತೇವೆ. ಆದರೆ ಆ ಮೊದಲ ಮಾತುಗಳನ್ನು ಅವರು ಹೇಗೆ ಆಡಿದರು ಎಂದು ಕೇಳುವ ದಾರಿಯಿಲ್ಲ. ಕನ್ನಡ ವಾಕ್ಚಿತ್ರದ ಚರಿತ್ರೆ ಶುರುವಾಗುವುದೇ ನೋಡಲಾಗದ ಚಿತ್ರದಿಂದ.

ಹೀಗೆ ಕಳೆದುಕೊಂಡವರು ನಾವು ಮಾತ್ರವಲ್ಲ. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ತನ್ನ ಅನೇಕ ಕಾರ್ಯಕ್ರಮಗಳ ಟೇಪುಗಳನ್ನು ತಾನೇ ಅಳಿಸಿತು. ಟೇಪು ದುಬಾರಿಯಾಗಿತ್ತು, ಅಳಿಸಿದರೆ ಮತ್ತೆ ಬಳಸಬಹುದಿತ್ತು; ಹಳೆಯ ಕಪ್ಪು-ಬಿಳುಪು ಕಂತುಗಳನ್ನು ಇನ್ನು ಯಾರು ನೋಡುತ್ತಾರೆ ಎಂಬುದು ಆಗಿನ ಲೆಕ್ಕ. 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಸುಮಾರು ನೂರು ಕಂತುಗಳು ಇಂದಿಗೂ ಸಿಕ್ಕಿಲ್ಲ. ಆಶ್ಚರ್ಯವೆಂದರೆ, ಕಾಣೆಯಾದ ಆ ಕಂತುಗಳಲ್ಲಿ ಪ್ರತಿಯೊಂದರ ಧ್ವನಿಯೂ ಉಳಿದಿದೆ. ಉಳಿಸಿದವರು ಪ್ರಸಾರದ ಹೊತ್ತಿಗೆ ಮನೆಯಲ್ಲಿ ಟೇಪ್ ರೆಕಾರ್ಡರ್ ಹಚ್ಚಿ ಕುಳಿತಿದ್ದ ಅಭಿಮಾನಿಗಳು. ಚರಿತ್ರೆಯನ್ನು ಕಾಪಾಡಲು ಅವರು ಹೊರಟಿರಲಿಲ್ಲ. ಇಷ್ಟವಾದದ್ದನ್ನು ಇನ್ನೊಮ್ಮೆ ಕೇಳಬೇಕಿತ್ತು, ಅಷ್ಟೇ.

1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂದ ಮೇಲೆ ಧ್ವನಿಯ ಜೊತೆ ಚಿತ್ರವನ್ನೂ ಮನೆಯಲ್ಲಿ ಹಿಡಿದಿಡುವುದು ಸುಲಭವಾಯಿತು. ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು ಇದು ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಸೋನಿಯ ಮೇಲೆ ದಾವೆ ಹೂಡಿದವು. ಟಿವಿಯಲ್ಲಿ ಬಂದದ್ದನ್ನು ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಹಾಗೆಂದರು, ನಾಲ್ವರು ಒಪ್ಪಲಿಲ್ಲ. ಒಂದು ಮತ ಆಚೀಚೆಯಾಗಿದ್ದರೆ ಮನೆಯ ಸಂಗ್ರಹಗಳ ಕಥೆ ಬೇರೆಯೇ ಆಗುತ್ತಿತ್ತು.

ನಮ್ಮಲ್ಲಿ ಮಧ್ಯಮ ವರ್ಗದ ಕಪಾಟಿಗೆ ಸಿನಿಮಾ ಬಂದು ಸೇರಿದ್ದು ಮುಖ್ಯವಾಗಿ ವಿಸಿಡಿಯ ಮೂಲಕ. ಒಂದು ಡಿಸ್ಕಿನಲ್ಲಿ 74 ನಿಮಿಷದಷ್ಟೇ ಹಿಡಿಯುತ್ತಿದ್ದುದರಿಂದ ಒಂದು ಚಿತ್ರಕ್ಕೆ ಎರಡು ಮೂರು ಡಿಸ್ಕು ಬೇಕಾಗುತ್ತಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ ಮಾರಿದಾಗ, ಬಾಡಿಗೆಗೆ ತರುತ್ತಿದ್ದವರೂ ಕೊಂಡಿಟ್ಟುಕೊಳ್ಳುವಂತಾಯಿತು.

ಚರಿತ್ರೆಯ ವಿದ್ಯಾರ್ಥಿಗೆ ಇದರಿಂದ ಆದ ಲಾಭ ದೊಡ್ಡದು. ಮೊದಲ ಸಲ ನಾವು ಕಥೆಯನ್ನು ನೋಡುತ್ತೇವೆ. ಮುಂದೇನಾಯಿತು ಎಂಬ ಕುತೂಹಲ ತೀರಿದ ಮೇಲೆ ಕಣ್ಣು ಹಿನ್ನೆಲೆಯತ್ತ ಹೊರಳುತ್ತದೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಅನ್ನೇ ನೋಡಿ. ಸ್ವಾಮಿಯ ಕಥೆ ಬ್ರಿಟಿಷರ ಕಾಲದ್ದು, ಊರು ಕಾಲ್ಪನಿಕ. ಆದರೆ ಆ ಹಂಚಿನ ಸೂರು, ಕಂಬದ ಜಗಲಿ 1980ರ ದಶಕದ ಆಗುಂಬೆಯವು. ನಾಲ್ಕನೆಯದೋ ಐದನೆಯದೋ ನೋಟಕ್ಕೆ ಧಾರಾವಾಹಿ ಮಲೆನಾಡಿನ ದಾಖಲೆಯೂ ಆಗುತ್ತದೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡಲು ಪ್ರತಿ ಕೈಯಲ್ಲಿದ್ದರೆ ಮಾತ್ರ ಇಂಥ ಓದು ಸಾಧ್ಯ.

ಈಗ ಆ ಪ್ರತಿಯೇ ಕೈಜಾರುತ್ತಿದೆ. ಓಟಿಟಿಗೆ ಚಂದಾ ಕಟ್ಟಿದಾಗ ನಮಗೆ ದೊರೆಯುವುದು ನೋಡುವ ಅನುಮತಿಯೇ ಹೊರತು ಚಿತ್ರವಲ್ಲ. ಒಪ್ಪಂದ ಮುಗಿದರೆ ನಿನ್ನೆ ಇದ್ದದ್ದು ಇಂದಿಲ್ಲ. ಇತ್ತ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನೊಳಗೆ ಬೂಷ್ಟು ಹಿಡಿಯುತ್ತದೆ, ಡಿಸ್ಕು ಗೀರುಬಿದ್ದು ತಡವರಿಸುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿತು.

ಆದ್ದರಿಂದ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ಒಳಗಿರುವ ಚಿತ್ರ, ನಾಟಕ, ಧಾರಾವಾಹಿಗಳ ಹೆಸರು ಪಟ್ಟಿ ಮಾಡಿ, ಬೇರೆಲ್ಲಾದರೂ ಸಿಗುತ್ತವೆಯೇ ಎಂದು ಹುಡುಕಿ. ಸಿಗದ ಒಂದೇ ಒಂದು ಇದ್ದರೂ ಅದರ ಕೊನೆಯ ಪ್ರತಿ ನಿಮ್ಮ ಮನೆಯದೇ ಇರಬಹುದು.