ಮೂಕಪ್ರಾಣಿಗಳ ಸೇವೆ: ವಿಜಯಪುರ ಭಾಗದ ಸ್ವಯಂಸೇವಕರಿಗೆ ಶ್ರಾವಕರ ನೆರವು

ಚತುರ್ವಿಧ ದಾನಗಳಲ್ಲಿ ಔಷಧದಾನ, ಅಭಯದಾನ ಎರಡೂ ಕೂಡಿ ಬರುವ ಸೇವೆ ಗಾಯಗೊಂಡ ಪ್ರಾಣಿಗಳ ರಕ್ಷಣೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಈ ಸೇವೆಗೆ ಆಸರೆಯಾಗಲು ಬಯಸುವ ಕುಟುಂಬಗಳಿಗೆ ಉಪಯುಕ್ತವಾದ ಮಾಹಿತಿ ಇಲ್ಲಿದೆ.

ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನಲ್ಲಿಯೂ ಹೊಡೆಯುವುದು, ಅತಿಯಾಗಿ ಹೇರುವುದು, ಗಿಡ್ಡ ಹಗ್ಗದಲ್ಲಿ ಕಟ್ಟಿಹಾಕುವುದು, ಅಂಗಹಾನಿ ಮಾಡುವುದು, ಮೇವು-ನೀರು ಕೊಡದಿರುವುದು ಅಪರಾಧಗಳು. ಹೆಚ್ಚುಕಡಿಮೆ ಅದೇ ಐದು! ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ಹಾಗಾಗಿ ಕಬ್ಬಿನ ಚಕ್ಕಡಿಯ ಎತ್ತಿನ ಭಾರ ಇಳಿಸಲು ದಂಡಕ್ಕಿಂತ ಊರ ಹಿರಿಯರ ಮಾತೇ ಹೆಚ್ಚು ಕೆಲಸ ಮಾಡೀತು. ಉಷ್ಣಾಂಶ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಭಾರದ ಬಂಡಿಗೆ ಎತ್ತು ಹೂಡಬಾರದೆಂದು 1965ರ ನಿಯಮವಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಇದನ್ನು ಸ್ವಯಂಸೇವಕರ ಜೊತೆ ನಿಂತು ತಿಳಿಹೇಳುವುದೂ ನೆರವೇ.

ಪಾರಿವಾಳಗಳ ಕಾಳಿಗೆ, ಗೋಶಾಲೆಯ ಮೇವಿಗೆ ದಾನಿಗಳು ಸಿಗುತ್ತಾರೆ. ಕಾಲು ಮುರಿದ ನಾಯಿಗೆ ಕೆಲವು ವಾರ ನೆರಳಿನ ಜಾಗ ಕೊಡುವವರು ಸಿಗುವುದು ಕಷ್ಟ. ಆಸ್ಪತ್ರೆಗೆ ಒಯ್ಯುವುದು ಒಂದು ದಿನದ ಕೆಲಸ, ಆರೈಕೆ ತಿಂಗಳ ಕೆಲಸ. ಸ್ವಯಂಸೇವಕರು ಸೋಲುವುದು ಇಲ್ಲಿಯೇ. ಗಾಯಗೊಂಡ ಪ್ರಾಣಿಯನ್ನು ಅವರ ಬಾಗಿಲಲ್ಲಿ ಬಿಟ್ಟು ಹೋಗುವುದು ಜೀವದಯೆ ಅನ್ನಿಸಿಕೊಳ್ಳಲಾರದು. ಹಿತ್ತಲಿನ ಒಂದು ಕೋಣೆ, ಹಳ್ಳಿಯಿಂದ ನಗರಕ್ಕೆ ತರಲು ಒಂದು ವಾಹನ, ಔಷಧ ಅಂಗಡಿಯಲ್ಲಿ ತಿಂಗಳಿಗಿಷ್ಟು ಎಂದು ಕಟ್ಟುವ ಹಣ ನಿಜವಾದ ಆಸರೆ. ಮಾಂಸಾಹಾರಿ ಪ್ರಾಣಿಗಳ ಆಹಾರದ ಬಗ್ಗೆ ಸಂಕೋಚವಿರುವವರು ಔಷಧ, ಲಸಿಕೆಗೆಂದೇ ನಿಗದಿ ಮಾಡಿ ಕೊಡಬಹುದು. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ದಶಕಗಳಿಂದ ನಡೆದುಬಂದ ಪಕ್ಷಿ ಆಸ್ಪತ್ರೆಯೂ ಈ ಪ್ರಶ್ನೆಗೆ ದಾರಿ ಕಂಡುಕೊಂಡಿದೆ: ಸಸ್ಯಾಹಾರಿ ಪಕ್ಷಿಗಳು ಒಳರೋಗಿಗಳು, ಹದ್ದು-ಗಿಡುಗಗಳಿಗೆ ಹೊರರೋಗಿಗಳಾಗಿ ಚಿಕಿತ್ಸೆ. ಯಾವುದನ್ನೂ ಹಿಂದೆ ಕಳುಹಿಸುವುದಿಲ್ಲ.

ನಾಯಿ, ಬೆಕ್ಕು ಹಿಡಿಯುವ ಯುವಕರಿಗೆ ರೇಬೀಸ್ ಲಸಿಕೆಯನ್ನು ಮುಂಚಿತವಾಗಿಯೇ ಕೊಡಿಸಬೇಕು. ಕಚ್ಚಿದರೆ ಗಾಯವನ್ನು 15 ನಿಮಿಷ ಸಾಬೂನು-ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಉದಾಸೀನ ಸಲ್ಲದು, ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯುವುದು ತೀರಾ ಅಪರೂಪ.

ದನಕರು, ಆಡು-ಕುರಿಗಳಿಗೆ ಪಶು ಸಂಜೀವಿನಿ ವಾಹನಕ್ಕಾಗಿ 1962ಕ್ಕೆ ಕರೆ ಮಾಡಬಹುದು. ನವಿಲು, ಜಿಂಕೆಯಂಥ ವನ್ಯಜೀವಿಗಳನ್ನು ಮನೆಯಲ್ಲಿಟ್ಟುಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಅರಣ್ಯ ಇಲಾಖೆಗೇ ಒಪ್ಪಿಸಬೇಕು.

ತಿಕೋಟಾ ತಾಲ್ಲೂಕಿನ ಬಾಬಾನಗರ ಕ್ಷೇತ್ರದ ದರ್ಶನಕ್ಕೆ ಬೇರೆ ಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ದಾರಿಯಲ್ಲಿ ಗಾಯಗೊಂಡ ಪ್ರಾಣಿ ಕಂಡರೆ, ಅದನ್ನು ನೆರಳಿಗೆ ಸರಿಸಿ, ಸ್ಥಳದ ಗುರುತು ಮತ್ತು ಫೋಟೋ ಕಳುಹಿಸಿ, ನೆರವಿನವರು ಬರುವವರೆಗೆ ಒಬ್ಬರಾದರೂ ಅಲ್ಲೇ ಇರಬೇಕು.