ಹೃದಯದ ಉಪನಾಳಗಳು: ಒಂದು ಚಾರಿತ್ರಿಕ ಅವಲೋಕನ

ಖಾನಾಪುರದ ಭತ್ತದ ಗದ್ದೆಗಳಲ್ಲಿ ಕಾಲುವೆ ಕಟ್ಟಿಕೊಂಡರೂ ನೀರು ಪಕ್ಕದ ಗದ್ದೆಗಳ ಮೂಲಕ ಹರಿದು ಕೊನೆಯ ಗದ್ದೆಯನ್ನು ಮುಟ್ಟುವುದುಂಟು. ಹೃದಯಕ್ಕೂ ಇಂತಹ ಉಪಮಾರ್ಗಗಳಿವೆಯೇ ಎಂಬ ಪ್ರಶ್ನೆ ಹಳೆಯದು.

1669ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲೋವರನು ಹೃದಯದ ಎರಡು ಧಮನಿಗಳು ಪರಸ್ಪರ ಕೂಡುವುವೆಂದು ಬರೆದನು. 1881ರಲ್ಲಿ ಜರ್ಮನಿಯ ಕೋನ್‌ಹೈಮನು ಇದನ್ನು ಅಲ್ಲಗಳೆದನು. 1912ರಲ್ಲಿ ಅಮೆರಿಕದ ಹೆರಿಕನು, ಧಮನಿ ಹಠಾತ್ತನೆ ಮುಚ್ಚಿದರೂ ರೋಗಿಯು ಬದುಕಬಹುದೆಂದು ತೋರಿಸಿದನು. ಧಮನಿಯು ನಿಧಾನವಾಗಿ ಕಿರಿದಾದಾಗ ಉಪನಾಳಗಳು ಹಿಗ್ಗಿ ಬೆಳೆಯುವುವೆಂದು ಇಂದು ನಾವು ಬಲ್ಲೆವು.

ಹಾಗಾದರೆ ನಾಳಗಳನ್ನು ಹಿಗ್ಗಿಸುವ ಔಷಧವೆಲ್ಲವೂ ಹಿತಕರವೇ? ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾದುದು 1963ರಲ್ಲಿ. ಮರುವರ್ಷವೇ ಫ್ಯಾಮ್ ಮತ್ತು ಮೆಗ್ರೆಗರ್ ನಾಯಿಗಳ ಮೇಲಿನ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. 1879ರಿಂದ ಎದೆನೋವಿಗೆ ಬಳಕೆಯಲ್ಲಿದ್ದ ನೈಟ್ರೊಗ್ಲಿಸರಿನ್ ಉಪನಾಳಗಳ ಹರಿವನ್ನು ಹೆಚ್ಚಿಸಿತು; ಡೈಪಿರಿಡಮಾಲ್ ಹೆಚ್ಚಿಸಲಿಲ್ಲ. ಕಾರಣವಿಷ್ಟೆ: ರಕ್ತದ ಕೊರತೆಯುಳ್ಳ ಭಾಗದ ಕಿರುನಾಳಗಳು ಮೊದಲೇ ಬಹುಮಟ್ಟಿಗೆ ಹಿಗ್ಗಿರುತ್ತವೆ. ಡೈಪಿರಿಡಮಾಲ್ ಆರೋಗ್ಯವಂತ ಭಾಗದ ಕಿರುನಾಳಗಳನ್ನು ತೆರೆದಾಗ ಉಪನಾಳಗಳ ಮೂಲದಲ್ಲಿ ಒತ್ತಡ ಇಳಿದು, ರಕ್ತವು ಆ ಕಡೆಗೇ ಹರಿಯಬಹುದು. ಮೇಲಿನ ಗದ್ದೆಗಳ ಬದುಗಳನ್ನೆಲ್ಲ ಒಮ್ಮೆಗೇ ಕಡಿದರೆ ಕೊನೆಯ ಗದ್ದೆ ಒಣಗುವಂತೆಯೇ ಇದು. ಮುಂದೆ ವೈದ್ಯರು ಈ ದೋಷವನ್ನೇ ಹೃದಯಪರೀಕ್ಷೆಯ ಸಾಧನವನ್ನಾಗಿ ಮಾಡಿಕೊಂಡರು.

ಒಟ್ಟು ಹರಿವು ಹೆಚ್ಚಿದ ಮಾತ್ರಕ್ಕೆ ಬರಡಾದ ಭಾಗಕ್ಕೆ ರಕ್ತ ದೊರೆಯಿತೆನ್ನಲಾಗದು. ಉಪನಾಳಗಳು ಕಾಲಾವಕಾಶವನ್ನು ಕೊಡಬಲ್ಲವು, ಚಿಕಿತ್ಸೆಗೆ ಬದಲಾಗಲಾರವು. ಆದುದರಿಂದ ಎದೆನೋವು ಬಂದ ಖಾನಾಪುರದ ರೈತನು ಬೆಳಗಾವಿಯ ಆಸ್ಪತ್ರೆಯನ್ನು ತಡಮಾಡದೆ ಸೇರುವುದೇ ಕ್ಷೇಮವೆಂದು ನಾವು ಭಾವಿಸುತ್ತೇವೆ.